ಜೆಟ್ ಎಂಜಿನ್‌ನಲ್ಲಿ ಇಂಧನ 99% ಉರಿದೇ ಹೋಗುತ್ತೆ ಅಂದ್ರೆ ಹೊಗೆಯಲ್ಲಿರೋ ವಿಷ ಎಲ್ಲಿಂದ ಬರುತ್ತೆ?

ಮೆಕ್_ದಾವಣಗೆರೆ:

ನಮಸ್ಕಾರ ಎಲ್ರಿಗೂ. ಫೈನಲ್ ಇಯರ್ ಮೆಕ್ಯಾನಿಕಲ್, ಸೆಮಿನಾರ್‌ಗೆ ಗ್ಯಾಸ್ ಟರ್ಬೈನ್ ಎಮಿಷನ್ಸ್ ಅಂತ ಟಾಪಿಕ್ ತಗೊಂಡೀನಿ, ತಗೊಂಡ ಮ್ಯಾಲೆ ತಲಿ ಕೆಟ್ಟೈತಿ. ಪುಸ್ತಕದಾಗ ಒಂದು ಪೇಜಲ್ಲಿ ಕಂಬಸ್ಚನ್ ಎಫಿಶಿಯೆನ್ಸಿ 99%ಕ್ಕಿಂತ ಜಾಸ್ತಿ ಅಂತ ಬರ್ದಾರ, ಮುಂದಿನ ಪೇಜಲ್ಲೇ ಕಾರ್ಬನ್ ಮಾನಾಕ್ಸೈಡ್, ಉರಿಯದೇ ಉಳಿದ ಹೈಡ್ರೋಕಾರ್ಬನ್, ನಾಕ್ಸ್ (ನೈಟ್ರೋಜನ್ ಆಕ್ಸೈಡ್‌ಗಳು), ಮಸಿ ಅಂತ ಉದ್ದ ಪಟ್ಟಿ ಕೊಟ್ಟಾರ. ಎಲ್ಲಾ ಉರಿದ ಮ್ಯಾಲೆ ಇವೆಲ್ಲ ಎಲ್ಲಿಂದ ಬಂದ್ವು? ಅದೂ ಅಲ್ದೇ ಎಂಜಿನ್ ಒಳಗ ಗಾಳಿ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೋಗ್ತತಿ ಅಂತಾರ, ಅಷ್ಟು ಆಕ್ಸಿಜನ್ ಇದ್ರೂ ಮಸಿ ಯಾಕ ಆಗಬೇಕು?

ಇನ್ನೊಂದು ಡೌಟು. ಹೋದ ಸಲ ಬೆಂಗಳೂರು ಏರ್‌ಪೋರ್ಟಲ್ಲಿ ಬಸ್ಸಿಂದ ಇಳಿದು ವಿಮಾನದ ಏಣಿ ಹತ್ತೋವಾಗ ಸೀಮೆಎಣ್ಣಿ ವಾಸನಿ ಗಮ್ ಅಂತ ಮೂಗಿಗೆ ಬಡೀತು. ಅಲ್ಲಿ ವಿಮಾನಗಳು ಸುಮ್ನೆ ನಿಂತಿದ್ವು, ಇಲ್ಲಾ ನಿಧಾನಕ್ಕ ಉರುಳ್ತಿದ್ವು ಅಷ್ಟ. ಫುಲ್ ಥ್ರಾಟಲ್ ಹಾಕಿ ಮ್ಯಾಲೆ ಏಳೋವಾಗ ತಾನೆ ಹೊಗಿ ಜಾಸ್ತಿ ಬರಬೇಕು? ಯಾರಾದ್ರೂ ಫಾರ್ಮುಲಾ ಬಿಟ್ಟು ಸ್ವಲ್ಪ ಬಿಡಿಸಿ ಹೇಳ್ರಿ ಪ್ಲೀಸ್, ಫಾರ್ಮುಲಾ ನನ್ನ ಹತ್ರನೂ ಅದಾವ.

ಹಳೇ_ಟೆಸ್ಟ್‌ಬೆಡ್:

ತಮ್ಮಾ, ಒಳ್ಳೇ ಪ್ರಶ್ನೆ, ಬಹಳ ಜನ ಇದನ್ನ ಕೇಳದೇನೇ ಪಾಸಾಗಿ ಹೋಗ್ತಾರೆ. ನಾನು ಬೆಂಗಳೂರಲ್ಲೇ ಎಂಜಿನ್ ಟೆಸ್ಟಿಂಗ್ ಕೆಲಸದಲ್ಲಿ ಇದ್ದು ಈಗ ರಿಟೈರ್ಡು, ಟೈಮ್ ಇದೆ, ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡ.

ಮೊದಲು ಆ 99% ಬಗ್ಗೆ. ಆ ಅಂಕಿ ಸುಳ್ಳಲ್ಲ, ಟೇಕಾಫ್‌ನಲ್ಲಿ 99.9 ದಾಟುತ್ತೆ. ಆದ್ರೆ ಅದು ಶಾಖದ ಲೆಕ್ಕ, ಇಂಧನದಲ್ಲಿದ್ದ ಶಕ್ತಿಯಲ್ಲಿ ಎಷ್ಟು ಹೊರಗೆ ಬಂತು ಅನ್ನೋದು. ಒಂದು ಕಿಲೋ ಎಟಿಎಫ್ (ಸೀಮೆಎಣ್ಣೆ ಥರದ ವಿಮಾನದ ಇಂಧನ) ಪೂರ್ತಿ ಉರಿದ್ರೆ ಸುಮಾರು 3.16 ಕಿಲೋ ಕಾರ್ಬನ್ ಡೈಆಕ್ಸೈಡು, ಒಂದೂಕಾಲು ಕಿಲೋ ಹತ್ರ ನೀರಾವಿ ಬರುತ್ತೆ, ಇವೆರಡನ್ನ ಏನು ಮಾಡಿದ್ರೂ ತಪ್ಪಿಸೋಕಾಗಲ್ಲ. ನೀನು ಕೇಳ್ತಿರೋ ವಿಷಗಳೆಲ್ಲ ಕಿಲೋಗೆ ಗ್ರಾಂ ಲೆಕ್ಕದಲ್ಲಿ ಬರೋವು. ಗ್ರಾಂ ಅಂತ ಸದರ ಮಾಡ್ಬೇಡ, ಎಷ್ಟು ಕಿಲೋ ಉರಿಸ್ತಾರೆ ಅಂತ ಆಮೇಲೆ ಹೇಳ್ತೀನಿ.

ನೀನು ಎಡವಿರೋದು ಎಲ್ಲಿ ಅಂದ್ರೆ, ಕಂಬಸ್ಟರ್, ಅಂದ್ರೆ ಇಂಧನ ಉರಿಯೋ ಡಬ್ಬದ ಒಳಗೆ ಎಲ್ಲಾ ಕಡೆ ಒಂದೇ ಥರ ಬೆಂಕಿ ಅಂದ್ಕೊಂಡಿದೀಯ. ಹಾಗಿಲ್ಲ. ಒಂದು ಪಾಲು ಎಟಿಎಫ್ ಸರಿಯಾಗಿ ಉರಿಯೋಕೆ 15 ಪಾಲಿಗೆ ಸ್ವಲ್ಪ ಕಡಿಮೆ ಗಾಳಿ ಸಾಕು. ಒಳಗೆ ಹೋಗೋದು ಒಟ್ಟಾರೆ 40-50 ಪಾಲು, ಐಡಲ್‌ನಲ್ಲಿ (ಎಂಜಿನ್ ಕನಿಷ್ಠ ವೇಗದಲ್ಲಿ ಓಡ್ತಿರೋವಾಗ) ಇನ್ನೂ ಜಾಸ್ತಿ. ಅಷ್ಟನ್ನೂ ಒಂದೇ ಸಲ ನುಗ್ಗಿಸಿದ್ರೆ ಬೆಂಕಿ ಆರಿಹೋಗುತ್ತೆ. ಅದಕ್ಕೇ ಮುಂಭಾಗದಲ್ಲಿ, ನಾಝಲ್ ಹತ್ರ, ಸ್ವಲ್ಪವೇ ಗಾಳಿ ಬಿಟ್ಟು ಸುಳಿ ತಿರುಗಿಸಿ ಬೆಂಕಿ ಹಿಡಿದು ನಿಲ್ಲಿಸ್ತಾರೆ, ಉಳಿದ ಗಾಳಿ ಲೈನರ್‌ನಲ್ಲಿರೋ (ಕಂಬಸ್ಟರಿನ ಒಳಗೋಡೆ) ತೂತುಗಳಿಂದ ಹಿಂದೆ ಹಿಂದೆ ಸೇರ್ಕೊಳುತ್ತೆ, ಒಂದಷ್ಟು ಲೈನರ್ ಗೋಡೆ ಕರಗದೇ ಇರ್ಲಿ ಅಂತ ಒಳಗಡೆ ತೆಳು ಪದರವಾಗಿ ಹರಿಯುತ್ತೆ. ಅಂದ್ರೆ ಒಂದು ಮೊಳ ಉದ್ದಾನೂ ಇಲ್ಲದ ಡಬ್ಬದೊಳಗೆ ಒಂದು ಕಡೆ ಇಂಧನ ಜಾಸ್ತಿ ಗಾಳಿ ಕಮ್ಮಿ, ಇನ್ನೊಂದು ಕಡೆ ಇಂಧನಕ್ಕೆ ಬೇಕಾದಷ್ಟೇ ಗಾಳಿ, ಸರಿಸಮ ಆಗಿ ಕೆಂಡಾಮಂಡಲ, ಗೋಡೆ ಹತ್ರ ತಣ್ಣಗೆ. ಗ್ಯಾಸ್ ಇದೆಲ್ಲಾ ದಾಟಿ ಹೊರಗೆ ಹೋಗೋಕೆ ಕೆಲವೇ ಮಿಲಿಸೆಕೆಂಡು. ಒಂದೊಂದು ಜಾಗದಲ್ಲಿ ಒಂದೊಂದು ವಿಷ ಹುಟ್ಟುತ್ತೆ.

ಮಸಿ ಹುಟ್ಟೋದು ಇಂಧನ ಜಾಸ್ತಿ ಇರೋ ಜಾಗದಲ್ಲಿ. ಅಲ್ಲಿ ಆಕ್ಸಿಜನ್ ಸಾಲದೆ ಎಣ್ಣೆಯ ಅಣುಗಳು ಮುರಿದು ಅಸಿಟಿಲೀನ್ ಥರದ ಚೂರುಗಳಾಗಿ, ಅವು ಸೇರಿ ಬೆಂಜೀನ್ ಉಂಗುರ, ಉಂಗುರಕ್ಕೆ ಉಂಗುರ ಅಂಟಿ ಕೊನೆಗೆ ಕೆಲವು ಹತ್ತು ನ್ಯಾನೋಮೀಟರಿನ ಕಾರ್ಬನ್ ಕಣ. ಒತ್ತಡ ಹೆಚ್ಚಾದಷ್ಟೂ ಇದು ಜೋರು. ಹಾಗೆ ಹುಟ್ಟಿದ ಮಸಿಯಲ್ಲಿ ಹೆಚ್ಚಿನ ಪಾಲು ಹಿಂದಿನ ಭಾಗದಲ್ಲಿ ಗಾಳಿ ಸಿಕ್ಕ ತಕ್ಷಣ ಉರಿದುಹೋಗುತ್ತೆ, ತಪ್ಪಿಸಿಕೊಂಡಿದ್ದು ಮಾತ್ರ ಹೊರಗೆ ಬರುತ್ತೆ. ಒಟ್ಟು ಗಾಳಿ ಎಷ್ಟಿತ್ತು ಅನ್ನೋದಲ್ಲ ವಿಷಯ, ಆ ಹನಿ ಪಕ್ಕದಲ್ಲಿ ಆ ಗಳಿಗೆಯಲ್ಲಿ ಎಷ್ಟಿತ್ತು ಅನ್ನೋದು.

ನಾಕ್ಸ್ ಕಥೆಯೇ ಬೇರೆ. ಅದರಲ್ಲಿರೋ ನೈಟ್ರೋಜನ್ ಇಂಧನದಿಂದ ಬರೋದಲ್ಲ, ನಾವು ಉಸಿರಾಡೋ ಗಾಳೀದೇ. ಎರಡು ನೈಟ್ರೋಜನ್ ಪರಮಾಣು ಮೂರು ಬಂಧದಿಂದ ಬಿಗಿಯಾಗಿ ಹಿಡ್ಕೊಂಡಿರ್ತವೆ, ಸಾಮಾನ್ಯ ಬೆಂಕಿಗೆ ಜಗ್ಗಲ್ಲ. ಆದ್ರೆ 1800 ಕೆಲ್ವಿನ್ ದಾಟಿದ ಮೇಲೆ ಒಂಟಿ ಆಕ್ಸಿಜನ್ ಪರಮಾಣುಗಳು ಓಡಾಡೋಕೆ ಶುರು ಮಾಡ್ತವೆ, ಒಂದು ಹೋಗಿ ನೈಟ್ರೋಜನ್ ಜೋಡಿ ಒಡೆದು ಒಂದನ್ನ ಎತ್ಕೊಂಡ್ರೆ, ಉಳಿದ ನೈಟ್ರೋಜನ್ ಹೋಗಿ ಇನ್ನೊಂದು ಆಕ್ಸಿಜನ್ ಜೋಡಿ ಒಡೆಯುತ್ತೆ, ಅದರಿಂದ ಮತ್ತೊಂದು ಒಂಟಿ ಆಕ್ಸಿಜನ್, ಹೀಗೆ ಸರಪಳಿ. ನಿನ್ನ ಪುಸ್ತಕದಲ್ಲಿ ಝೆಲ್ಡೋವಿಚ್ ಅಂತ ಇರೋದು ಇದೇ, ಸೋವಿಯತ್ ವಿಜ್ಞಾನಿ. ಸರಿಸಮ ಮಿಶ್ರಣದ ಜಾಗದಲ್ಲಿ ಜ್ವಾಲೆ 2300 ಕೆಲ್ವಿನ್ ಮೇಲೆ ಹೋಗುತ್ತೆ, ಅಲ್ಲಿ ನೂರು ಡಿಗ್ರಿ ಹೆಚ್ಚಾದ್ರೂ ನಾಕ್ಸ್ ಎಗರಿಬಿಡುತ್ತೆ.

ಈಗ ನಿನ್ನ ವಾಸನೆ. ಕಾರ್ಬನ್ ಮಾನಾಕ್ಸೈಡು ಮತ್ತು ಹೈಡ್ರೋಕಾರ್ಬನ್ನು ಎರಡೂ ಅರ್ಧಕ್ಕೆ ನಿಂತ ಬೆಂಕಿಯ ಗಿರಾಕಿಗಳು. ಐಡಲ್‌ನಲ್ಲಿ ಕಂಪ್ರೆಸರಿನಿಂದ (ಮುಂದೆ ಗಾಳಿ ಹಿಂಡೋ ಭಾಗ) ಬರೋ ಗಾಳಿ ಬರೀ 3-4 ಅಟ್ಮಾಸ್ಫಿಯರು, 150-200 ಡಿಗ್ರಿ ಸೆಲ್ಸಿಯಸ್ಸು. ನಾಝಲ್‌ನಲ್ಲಿ ಇಂಧನದ ಒತ್ತಡ ಕಮ್ಮಿ, ಹನಿ ದಪ್ಪ, ಆವಿ ಆಗೋದು ನಿಧಾನ. ಮಾನಾಕ್ಸೈಡು ಡೈಆಕ್ಸೈಡ್ ಆಗೋದು ಕೊನೇ ಮೆಟ್ಟಿಲು, ಅದಕ್ಕೆ ಬಿಸಿನೂ ಬೇಕು ಸಮಯಾನೂ ಬೇಕು, ಗೋಡೆ ಹತ್ರದ ತಣ್ಣನೆ ಗಾಳಿಗೆ ಸಿಕ್ತು ಅಂದ್ರೆ ಅಲ್ಲೇ ಹೆಪ್ಪುಗಟ್ಟಿದ ಹಾಗೆ ನಿಂತುಬಿಡುತ್ತೆ. ಮನೇಲಿ ಪಂಪ್ ಸ್ಟವ್ ಹಚ್ಚಿದ್ದು ನೋಡಿದ್ರೆ ಗೊತ್ತಿರುತ್ತೆ, ಬರ್ನರ್ ಕಾಯೋ ತನಕ ಹಳದಿ ಉರಿ, ವಾಸನೆ, ಪಾತ್ರೆಗೆ ಮಸಿ, ಕಾದ ಮೇಲೆ ಭರ್ ಅಂತ ನೀಲಿ, ವಾಸನೆ ಇಲ್ಲ. ಎಣ್ಣೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಆದ್ರೆ ಆ ನೀಲಿ ಉರಿಯಲ್ಲೇ ನಾಕ್ಸ್ ಜಾಸ್ತಿ, ಮೂಗಿಗೆ ಮಾತ್ರ ಗೊತ್ತಾಗಲ್ಲ.

ಇನ್ನು ಲೆಕ್ಕ. ಐಕಾವೊ, ಅಂದ್ರೆ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಯವರ ಎಂಜಿನ್ ಎಮಿಷನ್ಸ್ ಡೇಟಾಬ್ಯಾಂಕ್ ಅಂತ ಒಂದು ಎಕ್ಸೆಲ್ ಫೈಲ್ ಫ್ರೀಯಾಗಿ ಸಿಗುತ್ತೆ, ಸೆಮಿನಾರಿಗೆ ಅದನ್ನ ಹಾಕು. ನಾಲ್ಕು ಹಂತ ಇದೆ: ಟೇಕಾಫ್ 100% ಥ್ರಸ್ಟು (ತಳ್ಳೋ ಬಲ) 0.7 ನಿಮಿಷ, ಕ್ಲೈಂಬ್ 85% 2.2 ನಿಮಿಷ, ಅಪ್ರೋಚ್ 30% 4 ನಿಮಿಷ, ಟ್ಯಾಕ್ಸಿ (ನೆಲದ ಮೇಲೆ ಉರುಳೋದು, ಐಡಲ್) 7% 26 ನಿಮಿಷ. 737-800ಗೆ ಹಾಕೋ ಸಿಎಫ್‌ಎಂ56-7ಬಿ ತಗೋ. ಐಡಲ್‌ನಲ್ಲಿ ಒಂದು ಎಂಜಿನ್ ಸೆಕೆಂಡಿಗೆ ಸುಮಾರು 0.11 ಕಿಲೋ ಕುಡಿಯುತ್ತೆ, 26 ನಿಮಿಷಕ್ಕೆ ಎರಡು ಎಂಜಿನ್ ಸೇರಿ 340 ಕಿಲೋ. ಕಿಲೋಗೆ 19 ಗ್ರಾಂ ಹತ್ರ ಮಾನಾಕ್ಸೈಡು, 2 ಗ್ರಾಂ ಹತ್ರ ಹೈಡ್ರೋಕಾರ್ಬನ್ನು, 4-5 ಗ್ರಾಂ ನಾಕ್ಸ್. ಗುಣಿಸಿ ನೋಡು, ಆರೂವರೆ ಕಿಲೋ ಮಾನಾಕ್ಸೈಡು, ಒಂದೂವರೆ ಕಿಲೋ ನಾಕ್ಸು. ಟೇಕಾಫ್‌ನಲ್ಲಿ ಅದೇ ಎಂಜಿನ್ ಸೆಕೆಂಡಿಗೆ 1.2 ಕಿಲೋ, 42 ಸೆಕೆಂಡಿಗೆ ಎರಡೂ ಸೇರಿ 100 ಕಿಲೋ. ಮಾನಾಕ್ಸೈಡು ಕಿಲೋಗೆ ಒಂದು ಗ್ರಾಂ ಕೂಡ ಇಲ್ಲ, ಆದ್ರೆ ನಾಕ್ಸ್ 28 ಗ್ರಾಂ. ಅಂದ್ರೆ 26 ನಿಮಿಷ ಉರುಳಿ ಬಿಟ್ಟಿದ್ದರ ಹತ್ರಹತ್ರ ಎರಡರಷ್ಟು ನಾಕ್ಸ್ 42 ಸೆಕೆಂಡಲ್ಲಿ. ನೀನು ಏಣಿ ಮೇಲೆ ಮೂಸಿದ್ದು ಈ ಲೆಕ್ಕದಲ್ಲಿ ಚಿಕ್ಕ ಭಾಗ ಅಷ್ಟೇ, ವಾಸನೆ ಬರೋದೆಲ್ಲ ಹೆಚ್ಚು ಅಪಾಯ ವಾಸನೆ ಇಲ್ಲದ್ದು ಕ್ಲೀನು ಅಂತ ಸೆಮಿನಾರಲ್ಲಿ ಅಪ್ಪಿತಪ್ಪಿ ಹೇಳ್ಬೇಡ.

ಕಡಲತೀರದವ:

ಟೆಸ್ಟ್‌ಬೆಡ್ ಸರ್ ಚಂದ ಹೇಳಿದ್ರು. ನಾನು ಲೈನ್ ಮೇಂಟೆನೆನ್ಸ್‌ನಲ್ಲಿ ಎಎಂಇ (ವಿಮಾನ ರಿಪೇರಿ ಎಂಜಿನಿಯರ್), ವಾಸನೆ ವಿಷಯದಲ್ಲಿ ಒಂದೆರಡು ಸೇರಿಸ್ತೇನೆ ಆಯ್ತಾ. ಏಣಿ ಹತ್ರ ಬರುವ ವಾಸನೆ ಎಲ್ಲ ಮೇನ್ ಎಂಜಿನ್ನಿದ್ದು ಅಲ್ಲ ಮಾರಾಯ್ರೆ, ಬಾಲದಲ್ಲಿ ಎಪಿಯು ಅಂತ ಸಣ್ಣ ಟರ್ಬೈನ್ ಉಂಟಲ್ಲ, ಕರೆಂಟಿಗೆ ಮತ್ತು ಏಸಿಗೆ ಅಂತ ಅದು ಓಡ್ತಾ ಇರ್ತದೆ, ಗಾಳಿ ಈ ಕಡೆ ತಿರುಗಿದ್ರೆ ಸೀದಾ ಪ್ಯಾಸೆಂಜರ್ ಮುಖಕ್ಕೆ. ಅದಕ್ಕೇ ಈಗ ಬೇ ಹತ್ರ ನೆಲದಿಂದಲೇ ಕರೆಂಟು, ತಣ್ಣನೆ ಗಾಳಿ ಕೊಟ್ಟು ಎಪಿಯು ಆಫ್ ಮಾಡಿಸ್ತಾರೆ.

ಸ್ಟಾರ್ಟ್ ಮಾಡುವಾಗ ಇನ್ನೂ ಜೋರು. ಇಗ್ನೈಟರ್ ಟಿಕ್ ಟಿಕ್ ಅಂತಾ ಇರ್ತದೆ, ಇಂಧನ ಬಿಟ್ಟಾಯ್ತು, ಬೆಂಕಿ ಹಿಡಿಯುವ ಮೊದಲು ಒಂದು ಕ್ಷಣ ಹಸಿ ಎಣ್ಣೆ ಮಂಜಿನ ಹಾಗೆ ಹಿಂದಿನಿಂದ ಬೆಳ್ಳಗೆ ಬರ್ತದೆ, ಚಳಿಯಲ್ಲಿ ತಣ್ಣಗಾದ ಎಂಜಿನ್ ಆದ್ರೆ ಚೆನ್ನಾಗಿ ಕಾಣ್ತದೆ. ಅದು ಒಂಚೂರೂ ಉರಿಯದ ಹೈಡ್ರೋಕಾರ್ಬನ್ನೇ. ಮತ್ತೆ ಕಣ್ಣು ಚುರುಚುರು ಅನ್ನುವುದು ಬರೀ ಸೀಮೆಎಣ್ಣೆಗೆ ಅಲ್ಲ, ಅರ್ಧ ಉರಿದದ್ರಲ್ಲಿ ಫಾರ್ಮಾಲ್ಡಿಹೈಡು, ಅಕ್ರೋಲಿನ್ ಎಲ್ಲ ಇರ್ತದೆ, ಐಡಲ್‌ನಲ್ಲಿ ಅದು ಜಾಸ್ತಿ. ರ‍್ಯಾಂಪಿನಲ್ಲಿ ರಾತ್ರಿಪಾಳಿ ಮಾಡಿದವರಿಗೆ ಗೊತ್ತು, ಮನೆಗೆ ಹೋದ್ರೂ ಯೂನಿಫಾರ್ಮಲ್ಲಿ ಅದೇ ವಾಸನೆ, ಹೆಂಡತಿ ಬೈಗುಳ ಬೇರೆ.

ಟ್ಯಾಕ್ಸಿಯಲ್ಲಿ ಇದನ್ನು ಕಡಿಮೆ ಮಾಡ್ಲಿಕ್ಕೆ ಸುಲಭ ದಾರಿ ಇರುವುದೇ ಐಡಲ್ ಟೈಮ್ ಕಡಿಮೆ ಮಾಡುವುದು. ಒಂದೇ ಎಂಜಿನ್ನಲ್ಲಿ ಟ್ಯಾಕ್ಸಿ ಮಾಡ್ತಾರೆ, ಆದ್ರೆ ಟೇಕಾಫ್‌ಗೆ ಮೊದಲು ಇನ್ನೊಂದಕ್ಕೆ ಕೆಲವು ನಿಮಿಷ ವಾರ್ಮಪ್ ಬೇಕೇ ಬೇಕು, ಕ್ಯೂ ಸಣ್ಣದಿದ್ರೆ ಲಾಭ ಇಲ್ಲ. ದೆಹಲಿಯಲ್ಲಿ 2019ರಲ್ಲಿ ಟ್ಯಾಕ್ಸಿಬಾಟ್ ಅಂತ ಟಗ್ (ಎಳೆಯುವ ಗಾಡಿ) ಕಟ್ಟಿ ಎಂಜಿನ್ ಆಫ್ ಇಟ್ಟೇ ಏರ್ ಇಂಡಿಯಾದ ಎ320ಯನ್ನು ರನ್‌ವೇ ಕಡೆ ಎಳೆದುಕೊಂಡು ಹೋದ್ರು.

ಏರ್‌ಶೋ_ಗಿರಾಕಿ:

ಯಲಹಂಕದಲ್ಲಿ ಏರೋ ಇಂಡಿಯಾ ನೋಡಿದವರು ಮಿಗ್-29 ಮರೆಯೋಕೆ ಚಾನ್ಸೇ ಇಲ್ಲ ಗುರು, ವಿಮಾನ ಕಾಣೋ ಮುಂಚೆ ಹೊಗೆ ಕಾಣುತ್ತೆ 😂 ಶತ್ರುಗೆ ರೇಡಾರೇ ಬೇಡ

ಹಳೇ_ಟೆಸ್ಟ್‌ಬೆಡ್:

@ಏರ್‌ಶೋ_ಗಿರಾಕಿ ಹಹ್ಹ ಹೌದು, ಆ ಆರ್‌ಡಿ-33 ಎಂಜಿನ್ನಿಗೆ ಆ ಹೆಸರು ಮೊದಲಿಂದಲೂ ಇದೆ. ಆದ್ರೆ ಪ್ಯಾಸೆಂಜರ್ ವಿಮಾನಗಳೂ ಒಂದು ಕಾಲದಲ್ಲಿ ಹಾಗೇ ಇದ್ವು. ಜೆಟಿ8ಡಿ ಎಂಜಿನ್ ಹಾಕಿದ್ದ ಹಳೇ 737-200, ಇಂಡಿಯನ್ ಏರ್‌ಲೈನ್ಸ್ ಹತ್ರನೂ ಇತ್ತಲ್ಲ, ಆ ಎಂಜಿನ್ನಿನ ಮೊದಮೊದಲ ಮಾಡೆಲ್ಲುಗಳು ಕಪ್ಪು ಬಾಲ ಎಳ್ಕೊಂಡೇ ಹೋಗ್ತಿದ್ವು. ಅಮೆರಿಕದಲ್ಲಿ ಜನ ಗಲಾಟೆ ಮಾಡಿ 1970ರ ಆಸುಪಾಸಿನಲ್ಲಿ ಕಂಬಸ್ಟರ್ ಬದಲಾಯಿಸಿದ್ರು. ಏನು ಮಾಡಿದ್ರು ಗೊತ್ತಾ, ಮುಂಭಾಗದ ಬೆಂಕಿಗೆ ಗಾಳಿ ಜಾಸ್ತಿ ಬಿಟ್ರು. ಕಪ್ಪು ಹೊಗೆ ಮಾಯ, ಎಲ್ರಿಗೂ ಖುಷಿ. ಆದ್ರೆ ಆ ಜಾಗ ಸರಿಸಮ ಮಿಶ್ರಣಕ್ಕೆ ಹತ್ರ ಆಯ್ತು, ಬಿಸಿ ಏರ್ತು, ನಾಕ್ಸ್ ಹೆಚ್ಚಾಯ್ತು. ಕಣ್ಣಿಗೆ ಕಾಣೋದನ್ನ ಕೊಟ್ಟು ಕಾಣದೇ ಇರೋದನ್ನ ತಗೊಂಡ ವ್ಯಾಪಾರ. ಈ ಫೀಲ್ಡಿನಲ್ಲಿ ಅರ್ಧ ಜಗಳ ಇದೇ.

ಸಾದಹಳ್ಳಿ_ಗೇಟ್:

ಎಲ್ಲಾ ಸರಿ ಸಾರ್, ಥಿಯರಿ ಚೆನ್ನಾಗಿದೆ. ನಮ್ಮ ಮನೆ ಮೇಲೇ ಹೋಗ್ತವೆ ಇವು. ನನ್ನ ಹಳೇ ಟಾಟಾ ಏಸ್‌ಗೆ ಎಮಿಷನ್ ಟೆಸ್ಟ್ ಇಲ್ಲ ಅಂದ್ರೆ ಫೈನು, ಹೊಸ ಗಾಡಿ ತಗೊಂಡ್ರೆ ಬಿಎಸ್-6 ಅಂತ ಜಾಸ್ತಿ ದುಡ್ಡು ಕೊಡ್ಬೇಕು, ಕ್ಯಾಟಲಿಟಿಕ್ ಕನ್ವರ್ಟರು ಬೇಕು, ಲಾರಿಗಾದ್ರೆ ಯೂರಿಯಾ ಟ್ಯಾಂಕೂ ಬೇಕು. ವಿಮಾನಕ್ಕೆ ಅದ್ಯಾಕೆ ಹಾಕಲ್ಲ? ದುಡ್ಡಿರೋರಿಗೆ ಒಂದು ನ್ಯಾಯ ನಮಗೊಂದು ನ್ಯಾಯಾನಾ?

ಹಳೇ_ಟೆಸ್ಟ್‌ಬೆಡ್:

@ಸಾದಹಳ್ಳಿ_ಗೇಟ್ ನಿಮ್ಮ ಸಿಟ್ಟಲ್ಲಿ ಅರ್ಧ ನ್ಯಾಯ ಇದೆ, ಅದನ್ನ ಕೊನೆಗೆ ಹೇಳ್ತೀನಿ. ಕನ್ವರ್ಟರ್ ಹಾಕೋಕೆ ಯಾಕಾಗಲ್ಲ ಅಂದ್ರೆ, ಕಾರಿನ ಸೈಲೆನ್ಸರ್ ಕೆಲಸ ಹೊಗೆ ಹೊರಗೆ ಕಳಿಸೋದು ಮಾತ್ರ, ಜೆಟ್ಟಲ್ಲಿ ಆ ಹೊರಗೆ ನುಗ್ಗೋ ಗಾಳಿಯೇ ವಿಮಾನ ತಳ್ಳೋ ಬಲ. ಹಿಂದೆ ಜಾಲರಿ ಇಟ್ರೆ ಬಲ ಹೋಯ್ತು, ಇಂಧನ ಇನ್ನೂ ಜಾಸ್ತಿ ಉರೀತು. ಜೊತೆಗೆ ಪೆಟ್ರೋಲ್ ಕಾರಿನ ಕನ್ವರ್ಟರು ಹೊಗೆಯಲ್ಲಿ ಆಕ್ಸಿಜನ್ ಹೆಚ್ಚುಕಮ್ಮಿ ಇಲ್ಲದೇ ಇದ್ರೆ ಮಾತ್ರ ನಾಕ್ಸ್ ಒಡೆಯುತ್ತೆ, ಜೆಟ್ ಹೊಗೆ ತುಂಬಾ ಆಕ್ಸಿಜನ್ನೇ. ಲಾರಿ ಥರ ಯೂರಿಯಾ ದ್ರಾವಣ ಹೊತ್ಕೊಂಡು ಹೋದ್ರೆ ಆ ಭಾರಕ್ಕೇ ಮತ್ತೆ ಇಂಧನ. ಹಾಗಾಗಿ ಏನೇ ಮಾಡಿದ್ರೂ ಬೆಂಕಿ ಇರೋ ಜಾಗದಲ್ಲೇ ಮಾಡ್ಬೇಕು.

ನಿಯಮ ಇಲ್ಲ ಅಂತಲ್ಲ. ಐಕಾವೊ ಅನೆಕ್ಸ್ 16ರ ಎರಡನೇ ಸಂಪುಟ 1981ರಿಂದ ಇದೆ, 26.7 ಕಿಲೋನ್ಯೂಟನ್ ಮೇಲಿನ ಎಂಜಿನ್ನುಗಳ ನಾಕ್ಸ್, ಮಾನಾಕ್ಸೈಡ್, ಹೈಡ್ರೋಕಾರ್ಬನ್ ಎಲ್ಲಕ್ಕೂ ಮಿತಿ, 2020ರಿಂದ ಮಸಿ ಕಣಗಳಿಗೂ ಬಂತು. ಆದ್ರೆ ಅದು ಎಂಜಿನ್ ಮಾಡೆಲ್ ಪಾಸಾಗೋ ಹೊತ್ತಿನ ಪರೀಕ್ಷೆ, ನಿಮ್ಮ ಏಸ್ ಥರ ಆರು ತಿಂಗಳಿಗೊಮ್ಮೆ ಪೈಪಿಗೆ ಕಡ್ಡಿ ಹಾಕಿ ನೋಡೋದಲ್ಲ.

ನೀವು ಕೇಳದೇ ಬಿಟ್ಟಿದ್ದು ಒಂದಿದೆ, ನಾನಾಗಿದ್ರೆ ಅದನ್ನೇ ಕೇಳ್ತಿದ್ದೆ. ಬಿಎಸ್-6 ಡೀಸೆಲ್ಲಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಪಾಲು) ಮಾತ್ರ. ಎಟಿಎಫ್‌ನಲ್ಲಿ ಮಿತಿ ಇರೋದು 0.3%, ಅಂದ್ರೆ 3000 ಪಿಪಿಎಂ. ನಿಜವಾಗಿ ಸಿಗೋ ಎಟಿಎಫ್ ಅದಕ್ಕಿಂತ ಬಹಳ ಕಮ್ಮಿಯೇ ಇರುತ್ತೆ, ಆದ್ರೂ ಡೀಸೆಲ್ಲಿಗಿಂತ ಎಷ್ಟೋ ಪಟ್ಟು. ಗಂಧಕ ಎಷ್ಟಿದ್ರೆ ಅಷ್ಟೂ ಸಲ್ಫರ್ ಡೈಆಕ್ಸೈಡ್ ಆಗುತ್ತೆ, ಸ್ವಲ್ಪ ಪಾಲು ಇನ್ನೂ ಮುಂದೆ ಹೋಗಿ ಸಲ್ಫ್ಯೂರಿಕ್ ಆಸಿಡ್, ಹೊಗೆ ತಣ್ಣಗಾಗ್ತಾ ಅದೇ ಸೂಕ್ಷ್ಮ ಹನಿಕಣ. ಇದಕ್ಕೆ ಕಂಬಸ್ಟರ್ ಡಿಸೈನ್ ಏನೂ ಮಾಡೋಕಾಗಲ್ಲ, ರಿಫೈನರಿಯಲ್ಲೇ ತೆಗೀಬೇಕು. ಲಾಸ್ ಏಂಜಲೀಸ್ ಏರ್‌ಪೋರ್ಟಿನ ಗಾಳಿ ಬೀಸೋ ದಿಕ್ಕಲ್ಲಿ ಅಳೆದಾಗ 10 ಕಿಲೋಮೀಟರ್ ದೂರದಲ್ಲೂ ಸೂಕ್ಷ್ಮ ಕಣಗಳ ಸಂಖ್ಯೆ ನಾಲ್ಕು ಪಟ್ಟು ಇತ್ತು ಅಂತ 2014ರಲ್ಲಿ ಪೇಪರ್ ಬಂತು. ನಿಮ್ಮಂಥವರು ಕೇಳಬೇಕಾದ್ದು ಕನ್ವರ್ಟರ್ ಅಲ್ಲ, ಗಂಧಕ ತೆಗೀರಿ, ಕಣ ಎಣಿಸೋ ಮೀಟರ್ ನಮ್ಮೂರಲ್ಲಿ ಹಾಕಿ ಅಂತ.

ಮೆಕ್_ದಾವಣಗೆರೆ:

ಸರ್ ಇಷ್ಟು ಕ್ಲಿಯರಾಗಿ ಕ್ಲಾಸಲ್ಲೂ ಯಾರೂ ಹೇಳಿರಲಿಲ್ಲ, ಭಾಳ ಥ್ಯಾಂಕ್ಸ್. ಕೊನೇದಾಗಿ ಎರಡು ಕೇಳ್ತೀನಿ ಬೈಬ್ಯಾಡ್ರಿ. ಒಂದು, ಬಿಸಿ ಜಾಸ್ತಿ ಆದ್ರ ನಾಕ್ಸ್ ಅಂದ್ರಿ, ಹಂಗಾದ್ರ ಎಲ್ಲಾ ಕಡೆ ಗಾಳಿ ಹೆಚ್ಚಿಟ್ಟು ತಣ್ಣಗೇ ಉರಿಸಿದ್ರ ಆತಲ್ಲ? ಎರಡು, ನಮ್ಮ ಗೈಡ್ ಹೈಡ್ರೋಜನ್ ಬಂದ್ರ ಎಮಿಷನ್ ಝೀರೋ ಅಂತ ಪಿಪಿಟಿ ಕೊನೇ ಸ್ಲೈಡಲ್ಲಿ ಹಾಕು ಅಂದಾರ, ಹಾಕ್ಲೋ ಬ್ಯಾಡೋ?

ಕಡಲತೀರದವ:

ಹೈಡ್ರೋಜನ್ನಿಂದ ಕಾರ್ಬನ್ ಇಲ್ಲ, ಮಸಿ ಇಲ್ಲ, ಗಂಧಕ ಇಲ್ಲ, ಅದು ಸರಿ. ಆದ್ರೆ ಉರಿಸುವುದು ಇದೇ ಗಾಳಿಯಲ್ಲಿ ಅಲ್ವಾ, 78% ನೈಟ್ರೋಜನ್ ಎಲ್ಲಿಗೆ ಹೋಗ್ತದೆ? ನಾಕ್ಸ್ ಬಂದೇ ಬರ್ತದೆ. ಸ್ಯಾಫ್ (ಕಚ್ಚಾತೈಲದಿಂದಲ್ಲದ ಬದಲಿ ವಿಮಾನ ಇಂಧನ) ಕಥೆಯೂ ಅದೇ, ನಾಕ್ಸ್‌ಗೆ ಅದರಿಂದ ದೊಡ್ಡ ಉಪಯೋಗ ಇಲ್ಲ, ಆದ್ರೆ ಅದರಲ್ಲಿ ಅರೋಮ್ಯಾಟಿಕ್ಸ್ (ಬೆಂಜೀನ್ ಉಂಗುರ ಇರುವ ಅಣುಗಳು) ಹೆಚ್ಚುಕಮ್ಮಿ ಇಲ್ಲದ್ರಿಂದ ಮಸಿ ಚೆನ್ನಾಗಿ ಕಡಿಮೆ ಆಗ್ತದೆ, ನಾಸಾದವರು ವಿಮಾನದ ಹಿಂದೆಯೇ ವಿಮಾನ ಹಾರಿಸಿ ಅಳೆದಾಗ ಅರ್ಧಕ್ಕರ್ಧ ಬೆರೆಸಿದ್ರಲ್ಲಿ ಕಣಗಳು 50-70% ಕಡಿಮೆ ಬಂದಿತ್ತು. ಹಾಗಂತ ಅರೋಮ್ಯಾಟಿಕ್ಸ್ ಪೂರ್ತಿ ತೆಗೆದ್ರೆ ಹಳೇ ರಬ್ಬರ್ ಸೀಲುಗಳು ಉಬ್ಬದೆ ಕುಗ್ಗಿ ಲೀಕ್ ಆಗ್ತದೆ, ಅದಕ್ಕೇ ಬೆರಕೆಯಲ್ಲಿ ಕನಿಷ್ಠ 8% ಇರ್ಬೇಕು ಅಂತ ಇಟ್ಟಿದ್ದಾರೆ. ಝೀರೋ ಅಂತ ಸ್ಲೈಡ್ ಹಾಕಿದ್ರೆ ಎಕ್ಸ್‌ಟರ್ನಲ್ ಪರೀಕ್ಷಕರು ನಿಮ್ಮನ್ನು ಹಿಡೀತಾರೆ, ಗೈಡನ್ನಲ್ಲ.

ಹಳೇ_ಟೆಸ್ಟ್‌ಬೆಡ್:

ಹೈಡ್ರೋಜನ್ ಬಗ್ಗೆ ಅವರು ಹೇಳಿದ್ದೇ ಸರಿ. ತಣ್ಣಗೆ ಉರಿಸೋದು ಅಂದ್ಯಲ್ಲ, ಅದೇ ಲೀನ್ ಬರ್ನ್, ಎಂಜಿನ್ ಕಂಪನಿ ಜಿಇಯವರ ಟ್ಯಾಪ್ಸ್ ಕಂಬಸ್ಟರ್ ಅದೇ ದಾರಿ, ಎ320 ನಿಯೋದಲ್ಲಿ ಬರೋ ಲೀಪ್ ಎಂಜಿನ್ನಲ್ಲಿ ಇದೆ. ಇಂಧನ ಮತ್ತು ಗಾಳಿಯನ್ನ ಮೊದಲೇ ಬೆರೆಸಿ ಸರಿಸಮಕ್ಕಿಂತ ತೆಳುವಾಗಿ ಉರಿಸೋದು. ಇನ್ನೊಂದು ಎಂಜಿನ್ ಕಂಪನಿ ಪ್ರಾಟ್ ಅಂಡ್ ವಿಟ್ನಿಯವರು ಉಲ್ಟಾ ಕಡೆಯಿಂದ ಬಂದ್ರು: ಮೊದಲು ಇಂಧನ ಜಾಸ್ತಿ ಇಟ್ಟು ಉರಿಸಿ, ಗಾಳಿಯನ್ನ ಗಬಕ್ಕನೆ ನುಗ್ಗಿಸಿ, ಮಧ್ಯದ ಆ ಸರಿಸಮ ಜಾಗದಲ್ಲಿ ಒಂದು ಕ್ಷಣಾನೂ ನಿಲ್ಲದ ಹಾಗೆ ದಾಟಿಸಿ ತೆಳುವಾಗಿ ಮುಗಿಸೋದು, ಅದರ ಹೆಸರು ಟ್ಯಾಲನ್. ಇಂಡಿಗೋದ ನಿಯೋಗಳಲ್ಲಿ ಎರಡೂ ಥರದ ಎಂಜಿನ್ ಇವೆ.

ಎಲ್ಲಾ ಕಡೆ, ಎಲ್ಲಾ ಹೊತ್ತೂ ತೆಳು ಇಟ್ರೆ ಏನಾಗುತ್ತೆ ಅಂದ್ರೆ, ಬೆಂಕಿ ಆರೋ ಅಂಚಲ್ಲೇ ಇರುತ್ತೆ. ಮಳೆ ಮೋಡದೊಳಗೆ, ಆಲಿಕಲ್ಲು ನುಂಗಿ, ಥ್ರಾಟಲ್ ಎಳೆದು ಇಳೀತಿರೋ ಪೈಲಟ್ಟಿಗೆ ಎಂಜಿನ್ ಆರಿಬಿಟ್ರೆ ನಾಕ್ಸ್ ಲೆಕ್ಕ ಯಾರಿಗೆ ಬೇಕು? ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಆರಿದ್ದನ್ನ ಮತ್ತೆ ಹಚ್ಚೋದು ಇನ್ನೂ ಕಷ್ಟ. ಮೇಲಾಗಿ ತೆಳು ಬೆಂಕಿ ಸುಮ್ನೆ ಕೂರಲ್ಲ, ಒತ್ತಡದ ಅಲೆ ಎದ್ದು ಗುಂಯ್ ಅಂತ ಶುರು ಮಾಡಿದ್ರೆ ಲೈನರ್ ಬಿರುಕು ಬಿಡುತ್ತೆ, ಟೆಸ್ಟ್ ಬೆಡ್ಡಲ್ಲಿ ಆ ಸದ್ದು ಕಂಟ್ರೋಲ್ ರೂಮ್ ಗಾಜಿನ ಈಚೆಗೂ ಎದೆಗೆ ಬಡಿಯುತ್ತೆ. ಅದಕ್ಕೇ ಟ್ಯಾಪ್ಸಲ್ಲೂ ನಡುವೆ ಒಂದು ಪೈಲಟ್ ಜ್ವಾಲೆ ಹಳೇ ಪದ್ಧತೀಲೇ ಉರೀತಾ ಇರುತ್ತೆ, ಐಡಲ್‌ನಲ್ಲಿ ಅದೊಂದೇ.

ಇನ್ನೊಂದು ಒತ್ತಡ ಕಂಪನಿಗಳ ಲೆಕ್ಕಾಚಾರದ್ದು. ಜೆಟಿ8ಡಿಯಲ್ಲಿ ಒತ್ತಡದ ಅನುಪಾತ (ಕಂಪ್ರೆಸರ್ ಗಾಳಿಯನ್ನ ಎಷ್ಟು ಪಟ್ಟು ಹಿಂಡುತ್ತೆ ಅನ್ನೋದು) 16-17 ಇತ್ತು, ಲೀಪಲ್ಲಿ 40, ಜಿಇ9ಎಕ್ಸಲ್ಲಿ 60. ಇಂಧನ ಉಳಿಸೋಕೆ, ಕಾರ್ಬನ್ ಡೈಆಕ್ಸೈಡ್ ಇಳಿಸೋಕೆ ಅದೇ ದಾರಿ. ಆದ್ರೆ ಹಾಗೆ ಹಿಂಡಿದ ಗಾಳಿ ಕಂಬಸ್ಟರ್ ಬಾಗಿಲಿಗೆ ಬರೋವಾಗಲೇ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತೆ, ನಾಕ್ಸ್ ಹುಟ್ಟೋಕೆ ಹಾಸಿಗೆ ಹಾಸಿಕೊಟ್ಟ ಹಾಗೆ. ನಿಯಮ ಬರೆಯೋರಿಗೂ ಇದು ಗೊತ್ತು, ಐಕಾವೊದ ನಾಕ್ಸ್ ಮಿತಿ ಎಲ್ಲಾ ಎಂಜಿನ್ನಿಗೂ ಒಂದೇ ಅಲ್ಲ, ಒತ್ತಡದ ಅನುಪಾತ ಹೆಚ್ಚಿದ್ರೆ ಮಿತಿನೂ ಹೆಚ್ಚು. ಇದು ಸರೀನಾ ಅಂತ ನನ್ನ ಕೇಳಿದ್ರೆ ಏರ್‌ಪೋರ್ಟ್ ಪಕ್ಕದಲ್ಲಿ ಇರೋರಿಗೆ ಸರಿಯಲ್ಲ, ಇಂಧನದ ಬಿಲ್ ಕಟ್ಟೋರಿಗೆ ಸರಿ.

ಕೊನೇ ಸ್ಲೈಡಿಗೆ ಹೈಡ್ರೋಜನ್ ಬೇಡ, ಅದರ ಬದಲು ಡೇಟಾಬ್ಯಾಂಕಿಂದ ಒಂದು ಹಳೇ ಎಂಜಿನ್ನು ಒಂದು ಹೊಸದು ತಗೊಂಡು, ಅಡ್ಡಕ್ಕೆ ಥ್ರಸ್ಟು ಉದ್ದಕ್ಕೆ ಕಿಲೋಗೆ ಎಷ್ಟು ಗ್ರಾಂ ಅಂತ ಇಟ್ಟು ಮಾನಾಕ್ಸೈಡ್ ಗೆರೆ ಮತ್ತು ನಾಕ್ಸ್ ಗೆರೆ ಎರಡನ್ನೂ ಒಂದೇ ಗ್ರಾಫಲ್ಲಿ ಎಳಿ, ಒಂದು ಇಳಿಯುತ್ತೆ ಇನ್ನೊಂದು ಏರುತ್ತೆ. ಪ್ರಶ್ನೆಗಳೆಲ್ಲ ಅದರ ಮೇಲೇ ಬರ್ತವೆ, ಬರ್ಲಿ. ಪ್ರೊಪೆಲರ್ ಇರೋ ಎಟಿಆರ್ ವಿಮಾನದ ಡೇಟಾ ಹುಡುಕ್ತಾ ಕೂರ್ಬೇಡ, ಟರ್ಬೋಪ್ರಾಪ್ ಆ ಫೈಲಲ್ಲಿ ಇಲ್ಲ.

ಮೆಕ್_ದಾವಣಗೆರೆ:

ಫೈಲ್ ಸಿಕ್ತು ಸರ್, ಡೌನ್‌ಲೋಡ್ ಆತು. ಕಾಲಮ್ ನೋಡಿದ್ರ ತಲಿ ತಿರುಗ್ತತಿ, ನಾಳಿಗೆ ಗ್ರಾಫ್ ಹಾಕಿ ಇಲ್ಲೇ ಪೋಸ್ಟ್ ಮಾಡ್ತೀನಿ, ತಪ್ಪಿದ್ರ ಹೇಳ್ರಿ.